ಈಗ ನೀವು ಹೇಳ್ರಿ

ತಾಯಪ್ಪ ಬಾಗಿಲನ್ನು ನೂಕಿದ, ತೆರೆಯಲಿಲ್ಲ. ಹಿಡಿಕೆ ಹಿಡಿದು ಎಳೆದ, ಅದಕ್ಕೂ ಜಗ್ಗಲಿಲ್ಲ. ಕಾಲುವೆಯ ತುಕ್ಕು ಹಿಡಿದ ತೂಬುಗಳನ್ನು ಎತ್ತಿ ಇಳಿಸಿಯೇ ತಲೆ ಬೆಳ್ಳಗಾದ ನೀರುಗಂಟಿ ಅವನು. ಆಸ್ಪತ್ರೆಯ ಒಂದು ತೆಳು ಬಾಗಿಲು ಅವನಿಗೆ ಯಾವ ಲೆಕ್ಕ? ಭುಜ ಕೊಟ್ಟು ದೂಡಲು ಹೊರಟವನ ಅಂಗಿಯನ್ನು ಹಿಂದಿನಿಂದ ಯಾರೋ ಹಿಡಿದರು.

ಎರ್ರಿಯಪ್ಪ. ಹೊಸಪೇಟೆಯ ಆ ಟ್ರಸ್ಟಿನ ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ನಂಬರು ಕೂಗುವವನು. ಸಂತೆಯಲ್ಲಿ ಬದನೆಕಾಯಿ ಮಾರುವವರೂ ನಾಚಬೇಕು, ಅಂಥ ಗಂಟಲು ಅವನದು. ಇವತ್ತು ಮಾತ್ರ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಬಿಡೋ ಯಣ್ಣ. ಮೇಡಂ ಇಲ್ಲ."

"ರಜಾ ಹಾಕ್ಯಾರೇನು?"

"ತೀರ್ಕೊಂಡ್ರು. ನಿನ್ನೆ ಮನ್ಯಾಗ ತಲಿ ನೋವು ಅಂದ್ರಂತ, ಅಲ್ಲೇ ಕುಸುದು ಬಿದ್ರಂತ. ತಲ್ಯಾಗ ನರ ಒಡದೈತಿ ಅಂದ್ರು. ಇವತ್ತ ಮೂರಕ್ಕ ಮಣ್ಣು, ಚಿತ್ತವಾಡ್ಗ್ಯಾಗ."

ತಾಯಪ್ಪ ಬಾಗಿಲ ಹಿಡಿಕೆಯನ್ನು ಬಿಡಲಿಲ್ಲ. ಅಯ್ಯೋ ಪಾಪ ಅನ್ನುವ ಮಾತು ಮೊದಲು ಬರಬೇಕಿತ್ತು, ಬರಲಿಲ್ಲ. ಮೊದಲು ಬಂದದ್ದು, ಹಾಗಾದರೆ ಇವತ್ತು ಮಗಳು ಸುಕನ್ಯಾಗೆ ಗುಳಿಗೆ ಎಷ್ಟು ಕೊಡಬೇಕು ಅನ್ನುವ ಯೋಚನೆ. ತನಗಿಂತ ಚಿಕ್ಕವಳು, ಒಬ್ಬ ಹೆಣ್ಣುಮಗಳು ಸತ್ತಿದ್ದಾಳೆ ಅಂದರೆ ತನಗೆ ಹೊಳೆಯುವುದು ಇದೇನು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಯೋಚನೆ ಹೋಗಲಿಲ್ಲ.

ಮಗಳು ಬೆಂಚಿನ ಮೇಲೆ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದಳು. ಬೆಳಗ್ಗೆ ಹಲ್ಲುಜ್ಜಿದಾಗಿನಿಂದ ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಎಲ್ಲೂ ತಾಗಿಸಿಕೊಳ್ಳದೆಯೇ ಮೊಣಕೈ ಹತ್ತಿರ ನೇರಳೆ ಬಣ್ಣದ ಕಲೆ ಎದ್ದಿತ್ತು. ತಮ್ಮೂರು ಮೆಟ್ರಿಯಿಂದ ಮೊದಲ ಬಸ್ಸಿಗೆ ಬಂದು ಪರೀಕ್ಷೆಗೆ ರಕ್ತ ಕೊಟ್ಟಾಗಿತ್ತು, ರಿಪೋರ್ಟು ತಾಯಪ್ಪನ ಜೇಬಿನಲ್ಲಿತ್ತು. ಅಕ್ಷರ ಬಾರದಿದ್ದರೂ ಅವನಿಗೆ ಅಂಕಿ ಬರುತ್ತಿತ್ತು. ರಕ್ತ ಎಷ್ಟು ತೆಳ್ಳಗಾಗಿದೆ ಎಂದು ಹೇಳುವ ಅಂಕಿ, ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕಾದ್ದು ಆರು ದಾಟಿತ್ತು.

ಸುಕನ್ಯಾಳ ಎದೆಯಲ್ಲಿ ಲೋಹದ ಕವಾಟ ಇದೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯವನ್ನು ಕೆಡಿಸಿತ್ತು. ಸರ್ಕಾರದ ಕಾರ್ಡಿನಲ್ಲಿ ಬೆಂಗಳೂರಿನವರು ಎದೆ ತೆರೆದು ಅದನ್ನು ಕೂರಿಸಿ ಕಳಿಸಿದ್ದರು. ಆ ಲೋಹಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಬಾರದು ಎಂದು ಬದುಕಿರುವತನಕ ದಿನಾ ಸಂಜೆ ಒಂದು ಗುಳಿಗೆ. ಕಡಿಮೆಯಾದರೆ ರಕ್ತ ಗಟ್ಟಿ, ಹೆಚ್ಚಾದರೆ ಸುರಿಯುವ ರಕ್ತ ನಿಲ್ಲುವುದೇ ಇಲ್ಲ. ಅದಕ್ಕೇ ಆಗಾಗ ಪರೀಕ್ಷೆ, ಬಂದ ಅಂಕಿ ನೋಡಿ ಗುಳಿಗೆಯ ಏರಿಳಿತ. ಹೃದಯದ ಡಾಕ್ಟರು ಬಳ್ಳಾರಿಯಿಂದ ಗುರುವಾರ ಮಾತ್ರ ಬರುತ್ತಾರೆ, ಬಂದ ದಿನ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಈ ಗುಳಿಗೆಯ ಲೆಕ್ಕವನ್ನೆಲ್ಲ ಅವರು ಹೇಮಾವತಿಗೆ ಒಪ್ಪಿಸಿದ್ದರು.

ಹೇಮಾವತಿ ಫಾರ್ಮಸಿಸ್ಟ್. ಆದರೆ ಔಷಧಿ ಕೊಡುವ ಕಿಟಕಿಯ ಹಿಂದೆ ನಿಲ್ಲುವವಳಲ್ಲ. ಹೊರರೋಗಿ ವಿಭಾಗದ ಮೂಲೆಯ ಈ ಕೋಣೆಯಲ್ಲಿ ಕೂತು, ಡಾಕ್ಟರು ಬರೆದದ್ದು ರೋಗಿಯ ಹೊಟ್ಟೆಗೆ ಸರಿಯಾಗಿ ಹೋಗುತ್ತಿದೆಯೇ, ಒಂದು ಔಷಧಿ ಇನ್ನೊಂದರ ಜೊತೆ ಜಗಳ ತೆಗೆಯುತ್ತಿದೆಯೇ ಎಂದು ವಿಚಾರಿಸುವವಳು. ಅಂಕಿ ಹಾದಿ ತಪ್ಪಿದರೆ ಡಾಕ್ಟರಿಗೆ ಫೋನು ಹಚ್ಚಿ, ಮಾತಾಡಿ, ಇಷ್ಟು ಕೊಡಿ ಎಂದು ಹೇಳುವವಳು. ಆ ಹುದ್ದೆಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ಹಳ್ಳಿಯ ಜನ ಗುಳಿಗಿ ಮೇಡಂ ಅಂದರು, ಅದೇ ಉಳಿಯಿತು.

ತಾಯಪ್ಪ ಮಗಳನ್ನು ಕರೆದುಕೊಂಡು ಡ್ಯೂಟಿ ಡಾಕ್ಟರ ಮುಂದೆ ಹೋಗಿ ನಿಂತ. ಓದು ಮುಗಿಸಿ ಈಚೆಗೆ ಬಂದ ಹುಡುಗಿ, ಒಳ್ಳೆಯವಳೇ. ರಿಪೋರ್ಟು ನೋಡಿ ಹುಬ್ಬು ಗಂಟು ಹಾಕಿದಳು, ಸುಕನ್ಯಾಳ ಬಾಯಿ ತೆರೆಸಿ ನೋಡಿದಳು, ಬಳ್ಳಾರಿಗೆ ಫೋನು ಮಾಡಿದಳು, ಅಲ್ಲಿಯ ಡಾಕ್ಟರು ಆಪರೇಷನ್ನಿನಲ್ಲಿದ್ದರು. ಇವತ್ತು, ನಾಳೆ ಗುಳಿಗೆ ಕೊಡಲೇಬೇಡಿ, ಸೋಮವಾರ ಮತ್ತೆ ಪರೀಕ್ಷೆ ಮಾಡಿಸಿ, ನಡುವೆ ರಕ್ತ ಹೆಚ್ಚಾದರೆ, ತಲೆನೋವು ವಾಂತಿ ಕಂಡರೆ ನೇರ ಬಳ್ಳಾರಿಗೆ ಓಡಿ ಅಂದಳು. ಸೋಮವಾರದಿಂದ ಎಷ್ಟು ಕೊಡಬೇಕು ಎಂದು ತಾಯಪ್ಪ ಕೇಳಿದ.

"ಅದನ್ನ ಹೇಮಾವತಿ ಮೇಡಂ ಹತ್ರ..." ಎಂದವಳು ಅಲ್ಲೇ ನಿಂತಳು. ಕನ್ನಡಕ ತೆಗೆದು ಒರೆಸಿಕೊಂಡಳು, ಆಮೇಲೆ ಮುಂದಿನವರನ್ನು ಕರೆದಳು.

ಕೊಡಬೇಡಿ. ಕೊಡದೆ ಇದ್ದರೆ ಏನಾಗುತ್ತದೆ ಎಂದು ತಾಯಪ್ಪ ಒಮ್ಮೆ ಕಣ್ಣಾರೆ ಕಂಡಿದ್ದ.

*

ಆಪರೇಷನ್ ಆಗಿ ಬಂದ ಹೊಸತು. ರಕ್ತ ತೆಳ್ಳಗೆ ಮಾಡುವ ಗುಳಿಗೆ ಎಂದು ಹೇಳಿ ಕಳಿಸಿದ್ದರು. ತಾಯಪ್ಪನಿಗೂ ಅವನ ಹೆಂಡತಿ ವಿರುಪಮ್ಮನಿಗೂ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಮೊದಲೇ ಹುಡುಗಿ ಒಣಗಿದ ಜೋಳದ ದಂಟಿನಂತಿದ್ದಾಳೆ, ಮೈಯಲ್ಲಿ ರಕ್ತವೇ ಇಲ್ಲ, ಇರುವ ನಾಲ್ಕು ಹನಿಯನ್ನೂ ನೀರು ಮಾಡುವ ಔಷಧಿಯನ್ನು ಯಾವ ತಾಯಿ ಕೊಟ್ಟಾಳು? ವಿರುಪಮ್ಮ ಗುಳಿಗೆಯನ್ನು ಅಡಕತ್ತರಿಯಲ್ಲಿ ಚೂರು ಮಾಡಿ ದಿನಕ್ಕೊಂದು ಚೂರು ಕೊಟ್ಟಳು. ಮನಸ್ಸಿಗೆ ಬಾರದ ದಿನ ಅದನ್ನೂ ಕೊಡಲಿಲ್ಲ. ಮೇಲೆ ದಿನಾ ನುಗ್ಗೆಸೊಪ್ಪು, ಪಾಲಕ್ಕು, ರಕ್ತ ತುಂಬಲಿ ಎಂದು. ಆ ಸೊಪ್ಪು ಗುಳಿಗೆಯ ಬಲ ಇಳಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು? ತಾಯಪ್ಪ ಎಲ್ಲ ನೋಡಿಯೂ, ಆಕೆ ಮಾಡುವುದೇ ಸರಿ ಎಂದು ಸುಮ್ಮನಿದ್ದ. ಹುಡುಗಿಯ ಮುಖಕ್ಕೆ ಕಳೆ ಬಂದದ್ದೂ ನಿಜ.

ಆಮೇಲೆ ಒಂದು ದಿನ ಜಡೆ ಹಾಕಿಕೊಳ್ಳುತ್ತಿದ್ದವಳ ಕೈಯಿಂದ ಬಾಚಣಿಗೆ ಜಾರಿ ಬಿತ್ತು. ಅವ್ವಾ ಎಂದು ಕರೆಯಲು ಹೋದರೆ ಬಾಯಿ ಒಂದು ಕಡೆ ಎಳೆಯಿತು. ಮಾತು ಬರುವ ಕಡೆ ಬರೀ ಸದ್ದು ಬಂತು.

ಮಾತು ಮರಳಿತು, ಅದು ಆ ಹುಡುಗಿಯ ಪುಣ್ಯ. ಎದೆಯಿಂದ ಒಂದು ಹೆಪ್ಪು ಮೆದುಳಿಗೆ ಏರಿತ್ತು, ಸಣ್ಣದಿತ್ತು, ಕರಗಿತು ಎಂದರು. ಆಸ್ಪತ್ರೆಯಲ್ಲಿ ಬೈಯದವರು ಯಾರು? ಡಾಕ್ಟರು ಬೈದರು, ನರ್ಸು ಬೈದಳು, ಕಸ ಗುಡಿಸುವವಳೂ ತನ್ನ ಪಾಲಿನ ಎರಡು ಮಾತು ಆಡಿದಳು. ಕೊನೆಗೆ ಹೇಮಾವತಿಯ ಕೋಣೆಗೆ ಕಳಿಸಿದರು. ಮೊದಲು ಮುರಿದ ಗಾಲಿಕುರ್ಚಿಗಳನ್ನು ಒಟ್ಟುತ್ತಿದ್ದ ಕೋಣೆ ಅದು. ಈಗ ಒಂದು ಮೇಜು, ಅವಳದೊಂದು ತಿರುಗುವ ಕುರ್ಚಿ, ರೋಗಿಗೊಂದು ಸ್ಟೂಲು. ತಾಯಪ್ಪ ಇಲ್ಲೂ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತ.

ಅವಳು ಬೈಯಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ನೀರುಗಂಟಿ, ಕಾಲುವೆಯ ತೂಬು ಎತ್ತಿ ಸರದಿಯ ಮೇಲೆ ಹೊಲಗಳಿಗೆ ನೀರು ಬಿಡುವವನು ಎಂದ. ತೂಬು ಪೂರ್ತಿ ಎತ್ತಿದರೆ ಏನಾಗುತ್ತದೆ ಎಂದಳು. ಬದು ಒಡೆಯುತ್ತದೆ ಎಂದ. ಪೂರ್ತಿ ಇಳಿಸಿದರೆ? ನಿಂತ ನೀರಿನಲ್ಲಿ ಹೂಳು ಕೂರುತ್ತದೆ, ಕೆಳಗಿನವರ ಬೆಳೆ ಒಣಗುತ್ತದೆ. ಮತ್ತೆ ಎಷ್ಟು ಎತ್ತುತ್ತೀರಿ? ಈ ಪ್ರಶ್ನೆಗೆ ತಾಯಪ್ಪನಿಗೆ ನಗು ಬಂತು. ಅದು ಹಿಂಗೇ ಅಂತ ಹೇಳಾಕ ಬರಂಗಿಲ್ರಿ, ಮ್ಯಾಲಿಂದ ಎಷ್ಟು ಬರಾಕ ಹತ್ತೈತಿ ನೋಡಿ ಎತ್ತಬೇಕು ಎಂದ.

"ಇದೂ ಹಂಗ," ಎಂದಳು ಹೇಮಾವತಿ. "ನಿಮ್ಮ ಮಗಳ ರಕ್ತ ನೀರಾಗಂಗಿಲ್ರಿ. ನಿಲ್ಲದಂಗ ಹರೀತಿರತೈತಿ, ಅಷ್ಟ."

ಆಮೇಲೆ ಎದ್ದು ನಿಂತು ತನ್ನ ತಿರುಗುವ ಕುರ್ಚಿಯನ್ನು ಅವನ ಕಡೆ ತಳ್ಳಿದಳು. ತಾಯಪ್ಪ ಹಿಂದೆ ಸರಿದ, ಅವಳು ಬಿಡಲಿಲ್ಲ, ಕೂರಿಸಿದಳು. ತಾನು ಸ್ಟೂಲಿನ ಮೇಲೆ ಕೂತು, ತಲೆಯ ಮೇಲೆ ಸೆರಗು ಹೊದ್ದು, ಥೇಟ್ ಮೆಟ್ರಿಯ ಹೆಂಗಸಿನ ಹಾಗೆ ಮುಖ ಮಾಡಿದಳು.

"ನಾನು ಸುಕನ್ಯಾನ ಅವ್ವ. ನೀವು ಗುಳಿಗಿ ಮೇಡಂ. ನನ್ನ ಮಗಳಿಗೆ ಗುಳಿಗಿ ಹೆಂಗ ಕೊಡಬೇಕ್ರಿ? ಈಗ ನೀವು ಹೇಳ್ರಿ."

ಅದು ಅವಳ ಪದ್ಧತಿ. ಹೇಳಿಸಿಕೊಂಡು, ಹೂಂ ಎಂದು ತಲೆಯಾಡಿಸಿ ಎದ್ದು ಹೋಗುವ ಹಾಗಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ತಿರುಗಿ ಹೇಳಬೇಕು, ತಪ್ಪಿದರೆ ಮೊದಲಿನಿಂದ. ಹೊರಗೆ ಸಾಲು ಬೆಳೆದು ಎರ್ರಿಯಪ್ಪ ಬಾಗಿಲು ಬಡಿದರೂ ಅವಳು ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ತಾಯಪ್ಪ ಕುರ್ಚಿಯ ತುದಿಯಲ್ಲಿ ಬೆವರುತ್ತ, ಸಂತೆಯ ದಿನ ಅರ್ಧ, ಶನಿವಾರ ಅರ್ಧ, ಉಳಿದ ದಿನ ಒಂದು ಎಂದು ತಡವರಿಸಿ ಮುಗಿಸಿದಾಗ ಅವಳು ಸೆರಗು ಇಳಿಸಿ, "ಸರಿ ಐತಿ, ಹೋಗಿ ಬರ್ರಿ" ಎಂದಳು. ಶಾಲೆಯ ಮೆಟ್ಟಿಲು ಹತ್ತದವನು ಅವತ್ತು ಮಗಳ ಮುಂದೆ ಪಾಸಾದವನಂತೆ ನಡೆದುಕೊಂಡು ಹೋದ.

*

ಇಂಥ ಸ್ಥಿತಿಯ ಹುಡುಗಿಯನ್ನು ಸಾವಿನ ಮನೆಗೆ ಕರೆದೊಯ್ಯುವುದೇ ಎಂದು ತಾಯಪ್ಪ ಹಿಂದೆ ಮುಂದೆ ನೋಡಿದ. ಹೇಮಾವತಿ ಅಕ್ಕನ ಮುಖ ನೋಡದೆ ನಾನು ಊರಿಗೆ ಬರುವುದಿಲ್ಲ ಎಂದು ಸುಕನ್ಯಾ ಹಟ ಹಿಡಿದಳು. ಆಟೋದಲ್ಲಿ ಕೂತಾಗ, ಹೇಮಾವತಿ ಇದ್ದಿದ್ದರೆ ಈಗ ಮೊದಲು ಏನು ಕೇಳುತ್ತಿದ್ದಳು ಎಂದು ಅವನಿಗೆ ನೆನಪಾಯಿತು. ಅಂಕಿ ಏರುಪೇರಾದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ. ಅದನ್ನೇ ಅವನು ಮಗಳಿಗೆ ಕೇಳಿದ.

"ಈ ನಡುವ ಬ್ಯಾರೆ ಏನಾರ ಗುಳಿಗಿ ತಗೊಂಡೀಯೇನವ್ವ?"

ಸುಕನ್ಯಾ ಕರ್ಚೀಫು ತೆಗೆದು ಹೇಳಿದಳು. ಅಪ್ಪ ಕಾಲುವೆ ಕಾಯಲು ಹೋದಾಗ ಜ್ವರ, ಕೆಮ್ಮು ಬಂದಿತ್ತು. ಅವ್ವ ಊರಿನ ಸೂಜಿ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಅವರು ಕೊಟ್ಟ ಕ್ಯಾಪ್ಸೂಲುಗಳನ್ನು ಮುಗಿಯುವತನಕ ನುಂಗಿದ್ದಳು. ಹೇಳುತ್ತ ಹೇಳುತ್ತ ಆ ಕ್ಯಾಪ್ಸೂಲೇ ಗುಳಿಗೆಯ ಜೊತೆ ಜಗಳ ತೆಗೆದಿದೆ ಎಂದು ಅವಳಿಗೂ ತಿಳಿಯಿತು. ಇದನ್ನು ಕೇಳಿದ್ದರೆ ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು ಅಂದಳು.

ತಾಯಪ್ಪನಿಗೆ ಒಂದು ಗಳಿಗೆ ಏನೋ ಗೆದ್ದಷ್ಟು ಖುಷಿಯಾಯಿತು, ಕಾರಣ ಸಿಕ್ಕಿತ್ತು. ಮರುಗಳಿಗೆಗೆ ಅದು ಇಳಿದುಹೋಯಿತು. ಕ್ಯಾಪ್ಸೂಲು ನಿಂತಿದೆ, ಹಾಗಾದರೆ ಅಂಕಿ ತಾನಾಗಿಯೇ ಇಳಿಯುತ್ತದೋ, ಎಲ್ಲಿಯತನಕ ಇಳಿಯುತ್ತದೋ, ಇಳಿದಮೇಲೆ ಗುಳಿಗೆ ಮೊದಲಿನಷ್ಟೋ, ಅದಕ್ಕಿಂತ ಕಡಿಮೆಯೋ? ಏನು ಕೇಳಬೇಕು ಎಂಬುದನ್ನು ಅವಳು ಕಲಿಸಿದ್ದಳು. ಉತ್ತರ ಅವಳ ತಲೆಯಲ್ಲಿತ್ತು, ಆ ತಲೆಯೊಳಗೇ ನರ ಒಡೆದಿತ್ತು.

ಚಿತ್ತವಾಡ್ಗಿಯ ಓಣಿಯ ತುಂಬ ಚಪ್ಪಲಿಗಳು. ಹಲಗೆ ಬಾರಿಸುವವರು ಮೂಲೆಯಲ್ಲಿ ಬೆಂಕಿಗೆ ಹಲಗೆ ಕಾಯಿಸುತ್ತಿದ್ದರು, ಭಜನೆಯವರು ಪದ ಹಿಡಿದಿದ್ದರು. ಅಂಗಳದಲ್ಲಿ ಹೇಮಾವತಿಯನ್ನು ಆ ಕಡೆಯ ರೂಢಿಯಂತೆ ಕೂರಿಸಿದ್ದರು. ಕಬ್ಬಿಣದ ಕುರ್ಚಿ, ಬೀಳದಂತೆ ಎದೆಗೆ ಬಿಳಿಯ ಬಟ್ಟೆ ಕಟ್ಟಿತ್ತು. ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ಕುಂಕುಮ, ಉಡಿಯಲ್ಲಿ ಅಕ್ಕಿ ಕೊಬ್ಬರಿ. ರೋಗಿ ಬಂದ ಕೂಡಲೇ ಕುರ್ಚಿ ಬಿಟ್ಟು ಏಳುತ್ತಿದ್ದ ಹೆಂಗಸು, ಇಷ್ಟು ಜನ ಬಂದು ಕಾಲಿಗೆ ಬೀಳುತ್ತಿದ್ದರೂ ಏಳಲಿಲ್ಲ. ತಾಯಪ್ಪ ಕೈ ಮುಗಿದು ನಿಂತ, ಕಣ್ಣೀರು ಬಂತು. ಬಂದ ಕಣ್ಣೀರು ಅವಳಿಗೋ ತನಗೋ ಎಂದು ಅವನಿಗೇ ಗೊತ್ತಿರಲಿಲ್ಲ, ಬಲಗೈ ಆಗಲೂ ಜೇಬಿನ ರಿಪೋರ್ಟನ್ನು ಹಿಡಿದುಕೊಂಡೇ ಇತ್ತು.

ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಿದ್ದವಳು ದ್ಯಾಮಕ್ಕ, ಹಂಪಿ ಬಜಾರಿನಲ್ಲಿ ಬಾಳೆಹಣ್ಣು ಮಾರುವ ಮುದುಕಿ, ಉಬ್ಬಸದವಳು. ಆಸ್ಪತ್ರೆಯ ಬೆಂಚಿನ ಮೇಲೆ ಎಷ್ಟೋ ಸಲ ಒಟ್ಟಿಗೆ ಕಾದ ಗುರುತು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡು ಒತ್ತಿ ಹಿಡಿದಿದ್ದಳು. ಡಾಕ್ಟರು ಉಬ್ಬಸಕ್ಕೆ ಎಳೆಯುವ ಪಂಪು ಕೊಟ್ಟರೆ, ಅದನ್ನು ಸೆಂಟು ಎಂದುಕೊಂಡು ಬಹಳ ದಿನ ಕತ್ತಿಗೆ, ಎದೆಗೆ ಹೊಡೆದುಕೊಂಡವಳು ಅವಳು. ಅದನ್ನು ಕೇಳಿ ಹೇಮಾವತಿ ಕಣ್ಣಲ್ಲಿ ನೀರು ಬರುವತನಕ ನಕ್ಕಿದ್ದಳಂತೆ. ನಕ್ಕು ಮುಗಿಸಿ ಕುರ್ಚಿಯಲ್ಲಿ ಕೂರಿಸಿ, ಉಸಿರು ಬಿಡುವುದು, ಎಳೆಯುವುದು, ಹಿಡಿಯುವುದು ಬರುವತನಕ ಎಬ್ಬಿಸಿರಲಿಲ್ಲವಂತೆ. ಈಗ ಅಂಗಡಿಯವರು ಬೇರೆ ನಮೂನೆಯ ಪಂಪು ಕೊಟ್ಟಿದ್ದರು. ಒತ್ತಿದರೆ ಏನೂ ಬರುತ್ತಿರಲಿಲ್ಲ. ಕೇಳಲು ಆಸ್ಪತ್ರೆಗೆ ಬಂದವಳಿಗೆ ಸಾವಿನ ಸುದ್ದಿ ಸಿಕ್ಕಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಅದನ್ನು ತೋರಿಸಿ, ಮತ್ತೆ ಮುಚ್ಚಿಕೊಂಡಳು.

"ನಾ ಅಳಾಕ ಬಂದೀನೋ ಕೇಳಾಕ ಬಂದೀನೋ, ನನಗ ತಿಳೀವಲ್ದು ತಾಯಪ್ಪ," ಎಂದಳು.

ತಾಯಪ್ಪನಿಗೆ ತನ್ನಂಥ ಪಾಪಿ ಇನ್ನೊಬ್ಬಳಿದ್ದಾಳೆ ಎಂದು ಸ್ವಲ್ಪ ಹಗುರಾಯಿತು, ಅಷ್ಟೇ.

ಹೇಮಾವತಿಯ ಗಂಡ ಜಂಬುನಾಥ್ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಕೈ. ಸಂಡೂರಿನಿಂದ, ಕಂಪ್ಲಿಯಿಂದ ಗುರುತಿಲ್ಲದ ಜನ ಬಂದು ಬಂದು ಅವನ ಕೈ ಹಿಡಿಯುತ್ತಿದ್ದರು, ಅವನು ಪ್ರತಿಯೊಬ್ಬರನ್ನೂ ನೀವು ಯಾರು ಎಂದು ಕೇಳುತ್ತಿದ್ದ. ತಾಯಪ್ಪನನ್ನೂ ಕೇಳಿದ. ತಾಯಪ್ಪ ಮಗಳನ್ನು ತೋರಿಸಿ, ಕುರ್ಚಿಯ ಕತೆ ಹೇಳಿದ. ಜಂಬುನಾಥ್ ಬಾಯಿ ತೆರೆದು ಕೇಳಿಸಿಕೊಂಡ.

"ಗುಳಿಗಿ ಎಣಿಸಿ ಕೊಡೋ ಕೆಲಸ ಅಂದ್ಕೊಂಡಿದ್ದೆ ನಾನು. ಕಾಯಿಪಲ್ಲೆ ತರಾಕ ಹೊಂಟ್ರೂ ಬಾಗಲದಾಗ ನಿಂದ್ರಿಸಿ, ಏನೇನು ತರ್ತೀರಿ, ಈಗ ನೀವು ಹೇಳ್ರಿ ಅಂತಿದ್ಲು. ನಾನೇನು ಸಣ್ಣ ಹುಡುಗನೇನು ಅಂತ ಬೈತಿದ್ದೆ."

ತಲೆನೋವು ಅಂದರೆ ಒಂದು ಕಪ್ಪು ಚಹಾ ಕುಡಿದು ಸುಮ್ಮನಾಗುತ್ತಿದ್ದಳು, ಬಿ.ಪಿ. ಇತ್ತೋ ಏನೋ, ಒಂದು ದಿನವೂ ನೋಡಿಸಿಕೊಳ್ಳಲಿಲ್ಲ ಅಂದ. "ಊರ ಮಂದೀನೆಲ್ಲ ಆಕಿ ಕೇಳ್ತಿದ್ಲು. ಆಕೀನ್ನ ಯಾರು ಕೇಳಬೇಕಿತ್ತು? ನಾ ಕೇಳಬೇಕಿತ್ತು." ಅಷ್ಟು ಹೇಳಿ ಎರಡೂ ಕೈಯಿಂದ ತಲೆಗೆ ಬಡಿದುಕೊಂಡ. ತಾಯಪ್ಪ ಆ ಕೈಗಳನ್ನು ಹಿಡಿದುಕೊಂಡ.

ಆಸ್ಪತ್ರೆಯ ಹೂವಿನ ಹಾರ ಹಿಡಿದು ಎರ್ರಿಯಪ್ಪ ಬಂದ. ತಾಯಪ್ಪ ಅವನನ್ನು ಪಕ್ಕಕ್ಕೆ ಕರೆದು, ಆ ಕೋಣೆಗೆ ಮತ್ತೆ ಯಾರು ಬರುತ್ತಾರೆ ಎಂದು ಕೇಳಿದ. ಎರ್ರಿಯಪ್ಪ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಯಾರೂ ಬರುವುದಿಲ್ಲ, ಆ ಹುದ್ದೆ ಇನ್ನು ತುಂಬುವುದಿಲ್ಲ, ಔಷಧಿ ಕೊಡುವ ಕಿಟಕಿ ಇದೆಯಲ್ಲ ಸಾಕು ಎಂದು ಮ್ಯಾನೇಜರು ಬೆಳಗ್ಗೆಯೇ ಅಂದಿದ್ದರಂತೆ. ಕೋಣೆಯಲ್ಲಿ ವಿಮೆ ಕಾರ್ಡಿನವರು ಕೂರುತ್ತಾರಂತೆ. ತಿರುಗುವ ಕುರ್ಚಿಯನ್ನು ಆಗಲೇ ಒಯ್ದಾಗಿತ್ತು.

ತಾಯಪ್ಪನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಅಲ್ಲಿಯತನಕ ಅವನು ಇವತ್ತಿನದು, ಸೋಮವಾರದ್ದು ಎಂದು ಯೋಚಿಸುತ್ತಿದ್ದ. ಸೋಮವಾರ ಆದಮೇಲೆ ಮತ್ತೊಂದು ಸೋಮವಾರ ಬರುತ್ತದೆ. ಹುಡುಗಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಬದುಕಿರುವತನಕ ಎಂದಿದ್ದರು ಬೆಂಗಳೂರಿನವರು.

ಭಜನೆಯವರು ಚಹಾಕ್ಕೆ ಎದ್ದರು, ತಾಳ ನಿಂತಿತು. ಅತ್ತು ಅತ್ತು ಸುಸ್ತಾದ ಹೆಂಗಸರೂ ಸುಮ್ಮನಾದರು. ಅಂಗಳದಲ್ಲಿ ಒಂದು ಸಣ್ಣ ಸದ್ದು ಮಾತ್ರ ಉಳಿಯಿತು, ಟಿಕ್, ಟಿಕ್, ಟಿಕ್. ಹೆಣದ ಕಾಲ ಬುಡದಲ್ಲಿ ಕೂತಿದ್ದ ಹೇಮಾವತಿಯ ತಾಯಿ ದುರುಗವ್ವ ತಲೆ ಎತ್ತಿದಳು. ಯಶವಂತನಗರದ ಗಣಿಯಲ್ಲಿ ಗಂಡನ ಜೊತೆ ಅದಿರು ಹೊತ್ತು ಈ ಮಗಳನ್ನು ಓದಿಸಿದ ಮುದುಕಿ.

"ಆ ಗಡಿಯಾರ ನಿಲ್ಲಸ್ರೆವ್ವ ಯಾರಾರ," ಎಂದಳು. "ನನ್ನ ಮಗಳದ ನಿಂತಮ್ಯಾಲ ಅದ್ಯಾಕ ನಡೀಬೇಕು."

ಜನ ಗೋಡೆ ನೋಡಿದರು, ಗೋಡೆಯಲ್ಲಿ ಗಡಿಯಾರ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಸುಕನ್ಯಾ ಎದೆಯ ಮೇಲೆ ದುಪಟ್ಟಾ ಎಳೆದು ಎರಡೂ ಕೈಯಿಂದ ಒತ್ತಿ ಹಿಡಿದಳು. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ.

"ಅಜ್ಜೀ, ಅದು ನಂದು," ಎಂದಳು.

ದುರುಗವ್ವ ತೆವಳಿಕೊಂಡು ಬಂದು ಹುಡುಗಿಯ ಕೈ ಸರಿಸಿ ಅಲ್ಲಿ ಕಿವಿ ಇಟ್ಟಳು. ಬಹಳ ಹೊತ್ತು ಇಟ್ಟಳು. "ಇದನ್ನ ನಡಸಾಕ ಹೋಗತಿತ್ತೇನವ್ವ ದಿನಾ ನನ್ನ ಕೂಸು?" ಎಂದು ಕೇಳಿದಳು. ಸುಕನ್ಯಾ ಹೂಂ ಎಂದಳು. ಮುದುಕಿ ತಲೆ ಎತ್ತಿ, ಹುಡುಗಿಯ ತುಟಿಯ ಅಂಚಿನ ರಕ್ತವನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಕಡೆ ಮತ್ತೆ ಕೆಂಪಗಾಯಿತು. ತಾಯಪ್ಪ ನೋಡಲಾರದೆ ಓಣಿಗೆ ಎದ್ದು ಹೋದ.

*

ಹೋದ ಸಲ ಬಂದಾಗ ಹೇಮಾವತಿಯ ಕೋಣೆಯ ಮುಂದೆ ಸಾಲು ಬಹಳ ಇತ್ತು. ತಾಯಪ್ಪನ ಸರದಿ ಬರುವ ಹೊತ್ತಿಗೆ ಊರಿಗೆ ಹೋಗುವ ಕಂಪ್ಲಿ ಬಸ್ಸು ಹೊರಡುವ ಸಮಯ. ಅವತ್ತು ಸಂಜೆ ಕೆಳಗಿನ ಹೊಲಗಳಿಗೆ ನೀರಿನ ಸರದಿ, ತೂಬು ಎತ್ತುವವನು ಅವನೇ. ಅಂಕಿ ಸರಿಯಾಗಿತ್ತು, ಗುಳಿಗೆ ಹಿಂದಿನಷ್ಟೇ. ಹೇಮಾವತಿ ಹಣೆಗೆ ಅಮೃತಾಂಜನ ಹಚ್ಚಿಕೊಂಡು ಕೂತಿದ್ದಳು, ಕೋಣೆಯೆಲ್ಲ ಅದರದೇ ವಾಸನೆ. ಎಂದಿನಂತೆ ಎದ್ದು ಕುರ್ಚಿ ತಳ್ಳಿದಳು.

ತಾಯಪ್ಪ ಕೂರಲಿಲ್ಲ. ಬಸ್ಸು ಹೋಗುತ್ತದೆ, ಎಲ್ಲ ಬಾಯಿಪಾಠ ಆಗಿದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ ಎಂದು ಬಾಗಿಲಲ್ಲೇ ನಿಂತು ಗೋಗರೆದ. ಬೇರೆ ದಿನವಾಗಿದ್ದರೆ ಅವಳು ಬಿಡುತ್ತಿರಲಿಲ್ಲ. ಅವತ್ತು ತಲೆನೋವು ಇತ್ತೋ ಏನೋ, ಕಣ್ಣು ಮುಚ್ಚಿ ತೆರೆದು ನಕ್ಕಳು.

"ಹೋಗ್ರಿ. ಆದ್ರ ಮುಂದಿನ ಸಲ ಎರಡು ಸಲ ಹೇಳಬೇಕು. ಇದೊಂದು, ಅದೊಂದು. ನಾ ಮರಿಯಂಗಿಲ್ಲ ನೋಡ್ರಿ."

ಆಗಲಿ ಎಂದು ಅವನು ಓಡಿದ. ಮೆಟ್ಟಿಲಿಳಿದು ತಿರುಗಿ ನೋಡಿದಾಗ ಅವಳು ಹಣೆ ಒತ್ತಿಕೊಳ್ಳುತ್ತ ಮುಂದಿನವರನ್ನು ಕರೆಯುತ್ತಿದ್ದಳು. ಏನ್ರೀ ಮೇಡಮ್ಮಾರ, ತಲಿ ನೋವೇನು, ಗುಳಿಗಿ ತಗೊಂಡ್ರೇನು ಎಂದು ಒಂದು ಮಾತು ಕೇಳಬಹುದಿತ್ತು. ಅಷ್ಟು ಸಲ ಆ ಕುರ್ಚಿಯಲ್ಲಿ ಕೂತು ಗುಳಿಗಿ ಮೇಡಂ ಆದವನಿಗೆ ಅದು ಹೊಳೆಯಲೇ ಇಲ್ಲ.

*

ಸ್ಮಶಾನ ಕಾಲುವೆಯ ದಂಡೆಗೇ ಇತ್ತು. ಸುಕನ್ಯಾಳನ್ನು ದ್ಯಾಮಕ್ಕನ ಜೊತೆ ಮನೆಯಲ್ಲೇ ಬಿಟ್ಟು ತಾಯಪ್ಪ ಮಂದಿಯ ಹಿಂದೆ ನಡೆದಿದ್ದ. ಹಲಗೆಯ ಸದ್ದು ನಿಂತ ಮೇಲೆ ನೀರು ಹರಿಯುವುದು ಕೇಳಿಸಿತು. ಕೇಳಿದವನೇ ಅವನು ಇವತ್ತು ನೀರು ತುಂಬ ಬಿಟ್ಟಿದ್ದಾರೆ, ದಂಡೆಗೆ ಮುಟ್ಟಿದೆ ಎಂದು ಗುರುತು ಹಿಡಿದ. ಹಾಗೆ ಗುರುತು ಹಿಡಿದದ್ದಕ್ಕೂ ಅವನಿಗೆ ಅಳು ಬಂತು.

ಗುಂಡಿಯಲ್ಲಿ ಇಳಿಸಿದರು. ಗಂಡ ಮೊದಲು, ಆಮೇಲೆ ತಾಯಿ, ಆಮೇಲೆ ಬಂಧುಬಳಗ. ಒಬ್ಬೊಬ್ಬರೇ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಹಾಕಿ ಕೈ ಮುಗಿದು ಸರಿಯುತ್ತಿದ್ದರು. ರೋಗಿಗಳ ಸಾಲು ಕೊನೆಗೆ. ಸಾಲು ಹಚ್ಚಿದವನು ಎರ್ರಿಯಪ್ಪನೇ, ಅಭ್ಯಾಸಬಲ. ಒಬ್ಬೊಬ್ಬರ ಭುಜ ಮುಟ್ಟಿ ಮುಂದೆ ಕಳಿಸುತ್ತಿದ್ದ. ತಾಯಪ್ಪನ ಭುಜ ಮುಟ್ಟಿದ.

ತಾಯಪ್ಪ ಮುಷ್ಟಿ ತುಂಬ ಮಣ್ಣು ತೆಗೆದುಕೊಂಡ. ಹಾಕಲು ಕೈ ಚಾಚಿದ, ಹಾಕಲಿಲ್ಲ. ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ. ಅವನ ಬಾಯಿ ಅಲುಗುವುದನ್ನು ನೋಡಿ ಹಿಂದಿನವರು ಮಂತ್ರ ಹೇಳುತ್ತಿದ್ದಾನೆ ಎಂದುಕೊಂಡರು.

"ಮೇಡಮ್ಮಾರ, ಹೋದ ಸಲದ್ದು ಮೊದಲ ಹೇಳ್ತೀನ್ರಿ," ಎಂದ ತಾಯಪ್ಪ. "ಸಂತಿ ದಿನ ಅರ್ಧ. ಶನಿವಾರ ಅರ್ಧ. ಉಳಿದ ದಿನ ಒಂದು. ಸೊಪ್ಪು ಬಿಡಬಾರದು, ಹೆಚ್ಚು ಮಾಡಬಾರದು, ಒಂದ ಅಳತಿ. ಬ್ಯಾರೆ ಯಾರು ಏನು ಗುಳಿಗಿ ಕೊಟ್ರೂ ಮೊದಲ ನಿಮ್ಮನ್ನ ಕೇಳಬೇಕು."

ಒಂದೂ ತಪ್ಪಲಿಲ್ಲ. ಅವಳು ಸರಿ ಐತಿ ಎನ್ನುವಷ್ಟು ಹೊತ್ತು ಬಿಟ್ಟು, ಮತ್ತೆ ಶುರು ಮಾಡಿದ.

"ಈ ಸಲದ್ದು. ಇವತ್ತ ಇಲ್ಲ. ನಾಳಿ ಇಲ್ಲ. ಸೋಮವಾರ..."

ಅಲ್ಲಿಗೆ ನಿಂತ. ಕಾಲುವೆಯ ನೀರು ಹರಿಯುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಮಣ್ಣು ಬಿಡೋ ಯಣ್ಣ, ಮಂದಿ ನಿಂತೈತಿ ಎಂದು ಎರ್ರಿಯಪ್ಪ ಮೆಲ್ಲಗೆ ಅಂದ. ತಾಯಪ್ಪ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಸ್ವಲ್ಪ ಮಣ್ಣು ಉದುರಿತು, ಅದೂ ಉದುರಬಾರದೆಂದು ಇನ್ನಷ್ಟು ಬಿಗಿಯಾಗಿ ಹಿಡಿದ. ಗುಂಡಿಯೊಳಗಿನ ಹಸಿರು ಸೀರೆಯ ಕಡೆಗೆ ಬಗ್ಗಿ, ತಪ್ಪಿದಾಗಲೆಲ್ಲ ಅವಳು ತಿದ್ದುವತನಕ ಕಾಯುತ್ತಿದ್ದ ಹಾಗೆ ಕಾದ.

"ಸೋಮವಾರ," ಎಂದ ಇನ್ನೊಮ್ಮೆ.